ಕಡಲಿಗೆ ಬೆನ್ನು ಹಾಕಿದ ಅಡುಗೆಮನೆ

ಅಡುಗೆಮನೆ ಇರಬೇಕಾದ ಕಡೆ ಮಲಗುವ ಕೋಣೆ ಎದ್ದಿತ್ತು. ಮಲಗುವ ಕೋಣೆಯ ಕಡೆ ಅಡುಗೆಮನೆ. ಸೊಂಟದ ಮಟ್ಟಕ್ಕೆ ಬಂದಿದ್ದ ಗೋಡೆಗಳ ನಡುವೆ ನಿಂತು ಆರ್ಕಿಟೆಕ್ಟ್ ಹುಡುಗಿ ಕೈಯಲ್ಲಿದ್ದ ನಕ್ಷೆಯನ್ನೊಮ್ಮೆ, ಎಡಕ್ಕಿದ್ದ ಸಮುದ್ರವನ್ನೊಮ್ಮೆ ನೋಡಿದಳು. ಸಮುದ್ರವಂತೂ ಜಾಗ ಬದಲಿಸಿರಲಿಲ್ಲ.

“ಮೇಸ್ತ್ರಿ, ಇದೇನಿದು? ಎಲ್ಲಾ ಎಡಬಲ ಆಗಿದೆಯಲ್ಲ!”

“ನೀವು ಕಳಿಸಿದ ಹಾಗೇ ಕಟ್ಟಿದೀನಿ ಮೇಡಂ. ಒಂದಿಂಚು ಆಚೀಚೆ ಇದ್ರೆ ನನ್ನ ಕಿವಿ ಹಿಂಡಿ,” ಎಂದು ಮೇಸ್ತ್ರಿ ಸಿಮೆಂಟ್ ಮೆತ್ತಿದ ಹಾಳೆಯನ್ನು ಮುಂದೆ ಹಿಡಿದ.

ಅವನ ಕಿವಿಯಲ್ಲಿ ತಪ್ಪಿರಲಿಲ್ಲ. ಕನ್ನಡಿಯಲ್ಲಿ ಕಂಡಂತೆ ಮನೆಯನ್ನು ತಿರುಗಿಸಿದರೆ ಹೇಗಿರುತ್ತದೆ ಎಂದು ಒಮ್ಮೆ ಕಂಪ್ಯೂಟರಿನಲ್ಲಿ ಸುಮ್ಮನೆ ಮಾಡಿ ನೋಡಿದ್ದಳು. ಅಮ್ಮನ ಆಪರೇಷನ್ನಿನ ಗಡಿಬಿಡಿಯಲ್ಲಿ ಕಳಿಸಿದ್ದು ಅದನ್ನೇ. ಆಮೇಲೆ ಎರಡು ತಿಂಗಳು ಆಸ್ಪತ್ರೆ ಬಿಟ್ಟು ಇತ್ತ ತಲೆ ಹಾಕಲು ಆಗಿರಲಿಲ್ಲ. ರಸ್ತೆಯ ಕಡೆಯ ಬಾಗಿಲು ಸರಿಯಾಗಿ ನಡುವೆ, ಹಳೆಯ ಕಾಡುಬಾದಾಮಿ ಮರ ಉಳಿಸಿಕೊಂಡ ಅಂಗಳವೂ ನಡುವೆ. ಹೇಗೆ ತಿರುಗಿಸಿದರೂ ಅವೆರಡು ಅಲ್ಲೇ ಬರುತ್ತವೆ. ಮೇಸ್ತ್ರಿಗೆ ಅನುಮಾನವಾದರೂ ಎಲ್ಲಿಂದ ಬರಬೇಕು?

ಅವಳು ಸ್ವಂತವಾಗಿ ಹಿಡಿದ ಮೊದಲ ಮನೆ ಅದು. ಮನೆಯ ಯಜಮಾನರನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ನಿಜವಾಗಿ ಅವರು ಮೂವತ್ತೆರಡು ವರ್ಷ ಸರಕಿನ ಹಡಗಿನ ಎಂಜಿನ್ ಕೋಣೆಯಲ್ಲಿದ್ದವರು. ಕೆಲಸದ ಹೊತ್ತಿನಲ್ಲಿ ಸಮುದ್ರದ ಮುಖ ಕಂಡವರೇ ಅಲ್ಲ. ಅವರು ಹಾಕಿದ್ದು ಒಂದೇ ಷರತ್ತು: “ಬಾಕಿಯೆಲ್ಲ ನಿಮ್ಮಿಷ್ಟ. ಅಡುಗೆಮನೆ ಕಿಟಕಿ ಮಾತ್ರ ಪೂರ್ತಿ ಸಮುದ್ರಕ್ಕೆ ತೆರೀಬೇಕು. ನಮ್ಮವಳಿಗೆ ಸಮುದ್ರ ಅಂದ್ರೆ ಪ್ರಾಣ. ನಾನಿಲ್ಲದಾಗ ಇಡೀ ದಿನ ಕಿಟಕೀಲೇ ನಿಂತಿರ್ತಾಳೆ ಅಂತ ಅಕ್ಕಪಕ್ಕದವರೆಲ್ಲ ಹೇಳೋರು.” ಆಗ ಪಕ್ಕದಲ್ಲೇ ಇದ್ದ ಹೆಂಡತಿ ಹೂಂ ಎಂದಿದ್ದರು. ಹುಡುಗಿ ಗೋಡೆಯಷ್ಟಗಲದ ಕಿಟಕಿ ಬರೆದು, ಮನೆ ನಿಸರ್ಗದ ಜೊತೆ ಮಾತಾಡಬೇಕು ಎಂದು ಅರ್ಧ ಗಂಟೆ ಕೊರೆದಿದ್ದಳು. ಈಗ ಆ ಕಿಟಕಿ ಮಾತಾಡುತ್ತಿದ್ದದ್ದು ಬಾವಿಕಟ್ಟೆಯ ಜೊತೆ, ಅದರಾಚೆ ಕ್ಯಾಪ್ಟನ್ ಕುಕ್ಕರುಗಾಲಲ್ಲಿ ಕೂತು ಸಸಿ ನೆಡುತ್ತಿದ್ದ ಬದನೆ ಪಾತಿಯ ಜೊತೆ.

ಬರೀ ಅರ್ಧ ಗೋಡೆ ನೋಡಿ ಯಾವುದು ಯಾವ ಕೋಣೆ ಎಂದು ಅವರಿಗಿನ್ನೂ ಗೊತ್ತಾಗಿರಲಿಲ್ಲ. ಆದರೂ ಮುಚ್ಚಿಡುವ ಮಾತೇ ಇರಲಿಲ್ಲ. ಅವಳು ಕ್ಯಾಪ್ಟನ್ನರನ್ನು ಕರೆದು ಒಂದೇ ಉಸಿರಿಗೆ ಎಲ್ಲ ಹೇಳಿದಳು. ತಪ್ಪು ತನ್ನದೇ, ಮೇಸ್ತ್ರಿಯದಲ್ಲ ಎಂದೂ ಸೇರಿಸಿದಳು.

ಕ್ಯಾಪ್ಟನ್ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಮಣ್ಣಿನ ಕೈ ಒರೆಸಿಕೊಳ್ಳುತ್ತಾ, “ಅವಳಿಗೆ ನಾನು ಕೊಡ್ತೀನಿ ಅಂದಿದ್ದು ಅದೊಂದೇ ಕಿಟಕಿ ಕಣಮ್ಮ,” ಎಂದರು. ಆಮೇಲೆ ಮೇಸ್ತ್ರಿಯತ್ತ ತಿರುಗಿ, “ಒಡೆಸ್ಬಿಡಿ,” ಎಂದರು.

“ಕಟ್ಟಿದ ಕೈಯಲ್ಲೇ ಒಡೆಯೋದಾ ಸಾರ್?” ಎಂದು ಮೇಸ್ತ್ರಿ ತಲೆಯ ಮೇಲೆ ಕೈ ಇಟ್ಟುಕೊಂಡ.

“ಯಾವುದನ್ನ ಒಡೆಯೋದು?”

ಟೀ ಫ್ಲಾಸ್ಕ್ ಹಿಡಿದು ಕ್ಯಾಪ್ಟನ್ನರ ಹೆಂಡತಿ ಬಂದಿದ್ದರು. ಗಂಡ ತಡವರಿಸುತ್ತಾ ಹೇಳಿದ್ದನ್ನು ಪೂರ್ತಿ ಕೇಳಿ ಫ್ಲಾಸ್ಕನ್ನು ಗೋಡೆಯ ಮೇಲಿಟ್ಟರು.

“ನನಗೆ ಸಮುದ್ರ ಅಂದ್ರೆ ಪ್ರಾಣ ಅಂತ ನಿಮಗ್ಯಾರು ಹೇಳಿದ್ದು?”

“ಮತ್ತೆ ದಿನವೆಲ್ಲ ಕಿಟಕೀಲಿ ನಿಂತು ನೋಡ್ತಿದ್ದೆಯಂತಲ್ಲೇ...”

“ಸಮುದ್ರಾನ ಯಾರ್ರೀ ನೋಡಿದ್ರು! ಅದರ ಮೇಲೆ ನೀವಿದ್ರಿ, ಅದಕ್ಕೆ ನೋಡ್ತಿದ್ದೆ. ಗಾಳಿ ಒಂಚೂರು ಜೋರಾದ್ರೆ ಒಲೆ ಬಿಟ್ಟು ಕಿಟಕಿಗೆ ಓಡ್ತಿದ್ದೆ. ಎಷ್ಟು ಸಲ ಹಾಲು ಉಕ್ಕಿಸಿದೀನೋ ಲೆಕ್ಕವಿಲ್ಲ. ಇನ್ನು ಮೇಲೂ ಒಲೆ ಮುಂದೆ ನಿಂತಾಗೆಲ್ಲ ಅದರ ಮುಖಾನೇ ನೋಡ್ಬೇಕಲ್ಲಪ್ಪ ಅಂತ ಮೂರು ತಿಂಗಳಿಂದ ಒಳಗೊಳಗೇ ಬೇಯ್ತಿದೀನಿ.”

“ಅಮ್ಮಾ, ಆವತ್ತೇ ಒಂದು ಮಾತು ಹೇಳಬಾರದಿತ್ತಾ?” ಎಂದಳು ಹುಡುಗಿ.

“ಇವರು ಅಷ್ಟು ಆಸೆಯಿಂದ ಹೇಳ್ತಿದ್ರು, ನನಗೆ ಬಾಯಿ ಬರಲಿಲ್ಲ. ನೀನೂ ಕೇಳಲಿಲ್ಲ ಬಿಡು.”

ನಿಜವೇ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ವಾರಗಟ್ಟಲೆ ಬಂದು ನೋಡಿದ್ದಳು, ಬಾದಾಮಿ ಮರದ ಬೇರು ಎಲ್ಲಿಯವರೆಗೆ ಹೋಗಿದೆ ಎಂದು ಅಗೆಸಿ ನೋಡಿದ್ದಳು. ಅಡುಗೆಮನೆಯಲ್ಲಿ ನಿಲ್ಲುವವರನ್ನು ಬೇರೆಯಾಗಿ ಕೂರಿಸಿಕೊಂಡು ಏನು ಬೇಕೆಂದು ಕೇಳಿರಲಿಲ್ಲ. ನಾಚಿಕೆಯಾಯಿತು. ಆದರೆ ಅದಕ್ಕಿಂತ ಮೊದಲು ಹೋದ ಜೀವ ಬಂದಂತಾಗಿ, ಮರಳಿನ ರಾಶಿಯ ಮೇಲೆ ಧೊಪ್ಪನೆ ಕೂತುಬಿಟ್ಟಳು.

“ಹಾಗಾದ್ರೆ ಕಲಸಿದ ಸಿಮೆಂಟ್ ಗಟ್ಟಿ ಆಗೋ ಮೊದಲು ಅಪ್ಪಣೆ ಆಗ್ಲಿ,” ಎಂದ ಮೇಸ್ತ್ರಿ. “ಈ ಕಡೆ ಉಪ್ಪುಗಾಳಿ ಹೊಡೆಯಲ್ಲ, ಒಲೆ ಉರಿ ನೆಟ್ಟಗೆ ನಿಲ್ಲುತ್ತೆ. ಅಲೆ ನೋಡ್ಬೇಕು ಅನ್ಸಿದ್ರೆ ಕ್ಯಾಪ್ಟನ್ ಸಾಹೇಬ್ರು ಮಲಗಿದಲ್ಲಿಂದ್ಲೇ ನೋಡ್ಕೊಳ್ಲಿ!”

ಕ್ಯಾಪ್ಟನ್ ಹೆಂಡತಿಯ ಮುಖವನ್ನೇ ನೋಡಿದರು. ಕೊನೆಗೆ ಬಿಸಿಲಿಗೆ ಸಸಿ ಬಾಡುತ್ತದೆ ಎಂದು ಗೊಣಗುತ್ತಾ ಪಾತಿಯತ್ತ ನಡೆದರು. ಮೇಸ್ತ್ರಿ ಕರಣೆ ಎತ್ತಿಕೊಂಡ.

ಹೆಂಡತಿ ಅಡುಗೆಮನೆಯೊಳಗೆ ಬಂದು, ಇನ್ನೂ ಚೌಕಟ್ಟು ಕೂರದ ಕಿಟಕಿಯ ಜಾಗದಲ್ಲಿ ಗೋಡೆಗೆ ಮೊಣಕೈ ಊರಿ ನಿಂತರು.

“ರೀ...”

ಬಾವಿಯಾಚೆ ಬದನೆ ಸಸಿಗಳ ನಡುವಿನಿಂದ ಕ್ಯಾಪ್ಟನ್ ಕೂಡಲೇ ತಲೆ ಎತ್ತಿದರು. “ಏನೇ?”

“ಏನಿಲ್ಲ. ಕಾಣ್ತೀರಾ ಅಂತ ನೋಡ್ದೆ.”