ಕೂದಲಿನ ಗುಳಿಗೆ

ಡಾಕ್ಟರು ಗದಿಗೆಪ್ಪನಿಗೆ ಬಿಡಿಸಿ ಹೇಳಿದ್ದರು: "ಒಂದು ಹಾರ್ಮೋನ್ ಅದ ರೀ. ಅದರ ಮಾತು ಕೇಳಿ ತಲಿಕೂದಲ ಬುಡದಾಗಿನ ಜೀವಕೋಶ ಸೊರಗತಾವು, ಪ್ರಾಸ್ಟೇಟ್ ಗ್ರಂಥಿಯೊಳಗಿನವು ಕೊಬ್ಬತಾವು. ಈ ಗುಳಿಗಿ ಅದರ ಕೈ ಕಟ್ಟತದ. ಗ್ರಂಥಿ ಕುಗ್ಗತದ, ದೈವ ಇದ್ರ ತಲಿಮ್ಯಾಲ ನಾಲ್ಕು ಕೂದಲೂ ಬರತಾವು."

ಬೆಳೆಯಬೇಕಾದಲ್ಲಿ ಬೋಳು, ಬೇಡವಾದಲ್ಲಿ ಬೆಳೆ. ತನ್ನ ದೇಹಕ್ಕೂ ತನ್ನಷ್ಟೇ ಬುದ್ಧಿ ಎಂದುಕೊಂಡ ಗದಿಗೆಪ್ಪ.

ಮೊಮ್ಮಗನಿಗೆ ಹೆಸರಿಡುವ ದಿನ ಮಗಳ ಮಾವ ಬಂದರು. ಈ ವಯಸ್ಸಿನಲ್ಲೂ ತಲೆತುಂಬ ಕೂದಲಿದ್ದ ಮನುಷ್ಯ. ಪಡಸಾಲೆಯ ಗೋಡೆಯ ಮಾಡದಲ್ಲಿದ್ದ ಗುಳಿಗೆ ಎತ್ತಿ ನೋಡಿ, "ಇದು ಯಾತಕ್ಕರಿ, ಬೀಗರ?" ಎಂದರು.

ಉಚ್ಚೆ ಕಟ್ಟುತ್ತದೆ ಎಂದು ಬೀಗರೆದುರು ಬಾಯಿಬಿಡುವುದುಂಟೆ?

"ಕೂದಲ ಬರಾಕ್ರಿ," ಎಂದ ಗದಿಗೆಪ್ಪ.

ಬೀಗರು ಹೆಂಗಸರ ಕಡೆ ತಿರುಗಿ, "ನಮ್ಮ ಬೀಗರಿಗೆ ಒಂದು ಹೆಣ್ಣು ನೋಡ್ರವಾ," ಎಂದರು. ತೊಟ್ಟಿಲ ಸುತ್ತ ನಗು ಎದ್ದಿತು. ಗದಿಗೆಪ್ಪನೂ ಬೋಳುತಲೆ ಸವರಿಕೊಂಡು ನಕ್ಕ. ಮುದಿ ಶೋಕಿಲಾಲ ಅನ್ನಿಸಿಕೊಂಡಾದರೂ ಮಾನ ಉಳಿಯಿತಲ್ಲ.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅವನು ಬಚ್ಚಲಿಗೆ ಓಡಿ, ಅಗುಳಿ ಹಾಕಿಕೊಂಡು, ಹನಿಗಾಗಿ ಕಾಯುತ್ತ ನಿಂತ. ಹೊರಗಿನಿಂದ ಯಾರೋ ಬಾಗಿಲು ಬಡಿದರು. ಆಮೇಲೆ ಬೀಗರ ತಗ್ಗಿದ ದನಿ ಕೇಳಿಸಿತು:

"ಲಗೂ ಬರ್ರಿ ಬೀಗರ. ನನಗೂ ಕೂದಲದ್ದ ತ್ರಾಸ ಐತಿ."