ನಾಮಕರಣಕ್ಕೆ ಎಂಟು ನಿಮಿಷ

ನಗರ ದಿನದಿನಕ್ಕೆ ದೂರ ಸರಿಯುತ್ತಿತ್ತು. ಹೋಗಿಬರುವುದರಲ್ಲೇ ಹೊತ್ತು ಕಳೆದು, ಅಲ್ಲಿ ದುಡಿಯುವವರ ರೈಲು ಈಗ ಹಾಲುಗೆರೆಯಲ್ಲಿ ದಿನಕ್ಕೆ ಎಂಟೇ ನಿಮಿಷ ನಿಲ್ಲುತ್ತಿತ್ತು. ಬಂದವರು ಅದರಲ್ಲೇ ಮರಳಬೇಕು. ಹಾಗಾಗಿ ಊರಿನ ಸಮಾರಂಭಗಳೆಲ್ಲ ಪ್ಲಾಟ್‌ಫಾರ್ಮಿನಲ್ಲೇ ನಡೆಯುತ್ತಿದ್ದವು.

ಊರಿನ ವಾರಪತ್ರಿಕೆ ನಡೆಸುವ ಸುಲೋಚನಾ ಅಲ್ಲಿ ಚಿದಂಬರನ ಮಗಳ ನಾಮಕರಣದ ಫೋಟೊ ತೆಗೆದಳು. ಅವನು ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿ, ಮಗುವನ್ನು ಹೆಂಡತಿಯ ಕೈಗಿತ್ತು ರೈಲಿನ ಬಾಗಿಲತ್ತ ಓಡಿದ. ಸುಲೋಚನಾ ಹಿಂದೆಯೇ ಹೋದಳು.

"ನಾಳೆಯಿಂದ ರೈಲು ಇಲ್ಲಿ ನಿಲ್ಲೋದಿಲ್ವಂತೆ. ಹತ್ತಬೇಡಪ್ಪಾ."

"ಗೊತ್ತಕ್ಕಾ. ಆದ್ರೆ ಈ ಊರಲ್ಲಿ ಕೆಲಸ ಎಲ್ಲಿದೆ? ಹೆಂಡ್ತಿಗೆ ಹೇಳೋಕಾಗ್ಲಿಲ್ಲ."

ರೈಲು ಹೊರಟಿತು. ಅವನ ಹೆಂಡತಿ ಮಗುವಿನ ಕೈ ಹಿಡಿದು ಬೀಸುತ್ತಿದ್ದಳು.

"ಫೋಟೊ ಪೇಪರಲ್ಲಿ ಯಾವತ್ತು ಬರುತ್ತಕ್ಕಾ? ಇವರು ಬಂದಾಗ ತೋರಿಸ್ಬೇಕು."

"ನಾಳೆ," ಎಂದಳು ಸುಲೋಚನಾ.