ವಾರಿಜಾ ಎಸೆದ ದಾಳ

ಎಲ್ಲರೂ ಎಲ್ಲ ಕಡೆಗೂ ತಮ್ಮಂತೆಯೇ ಮಾತಾಡುವ ಪಡಿಯಚ್ಚನ್ನು ಕಳಿಸಿ, ತಾವು ಮನೆಯಲ್ಲೇ ಉಳಿಯುತ್ತಿದ್ದ ಕಾಲವದು. ಬಂದದ್ದು ಮನುಷ್ಯರೋ ಪಡಿಯಚ್ಚೋ ಎಂದು ಕೇಳುವುದು ಮರ್ಯಾದೆಯಲ್ಲ. ಮೇದಿನಿ ತನ್ನ ಅಜ್ಜಿ ಹೇಳಿದ ಕಥೆಯಿಂದ ದಾಳ ಎಸೆದು ಆಡುವ ಹೊಸ ಕಥೆಯಾಟ ಕಟ್ಟಿ ಗೆಳತಿಯರನ್ನು ಕರೆದಿದ್ದಳು. ತಾನೇ ಬರುತ್ತೇನೆಂದು ಮಾತು ಕೊಟ್ಟವಳು ವಾರಿಜಾ ಒಬ್ಬಳೇ.

"ರಾಕ್ಷಸ ಬಾಗಿಲಲ್ಲೇ ಮಲಗಿದಾನೆ. ಏನ್ಮಾಡ್ತೀಯೇ?" ಎಂದು ಮೇದಿನಿ ಕೇಳಿದಳು.

"ಮೀಸೆ ಎಳೀತೀನಿ," ಎಂದು ವಾರಿಜಾ ದಾಳ ಎಸೆದಳು. ಒಂದು ಬಿತ್ತು; ಎಂದರೆ ರಾಕ್ಷಸನಿಗೆ ಎಚ್ಚರ, ಆಟ ಸೋಲು.

ಮೇದಿನಿ ಬೇಕೆಂದೇ ಚುರುಮುರಿಯ ಕಡೆ ತಿರುಗಿದಳು. ಇಂಥ ಹೊತ್ತಿನಲ್ಲಿ ಕಳ್ಳತನದಿಂದ ದಾಳ ತಿರುಗಿಸಿಡದೆ ವಾರಿಜಾ ಎಂದೂ ಬಿಟ್ಟವಳಲ್ಲ. ಪಡಿಯಚ್ಚುಗಳಿಗೆ ಮೋಸ ಮಾಡಲು ಬರದು.

ಮತ್ತೆ ನೋಡಿದಾಗಲೂ ಒಂದೇ ಇತ್ತು.

"ಸೋತೆ ಕಣೇ," ಎಂದಳು ವಾರಿಜಾ, ನಗುತ್ತಲೇ.

ಮೇದಿನಿ ಮೆಲ್ಲನೆ, ವಾರಿಜಾ ಯಾವಾಗಲೂ ಮಾಡುತ್ತಿದ್ದಂತೆ, ದಾಳವನ್ನು ಆರಕ್ಕೆ ತಿರುಗಿಸಿದಳು. "ಇಲ್ವೇ, ಸರಿಯಾಗಿ ನೋಡು. ಅವನಿಗೆ ಎಚ್ಚರಾನೇ ಆಗ್ಲಿಲ್ಲ."